ಹಳೆಯ ಫಾಕ್ಸ್‌ಪ್ರೋ, ಕ್ಲಿಪ್ಪರ್ ತಂತ್ರಾಂಶ: ಇಟ್ಟುಕೊಳ್ಳುವುದೇ, ಸಾಗಿಸುವುದೇ, ಹೊಸದಾಗಿ ಬರೆಸುವುದೇ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ ಮುಗಿಯಿತು. ಬಹಳ ಮಂದಿಗೆ ಇದರಿಂದ ಆದದ್ದು ಇಷ್ಟೇ: ಹೊಸ ಕಂಪ್ಯೂಟರ್ ಕೊಳ್ಳಲು ಒಂದು ಕಾರಣ ಸಿಕ್ಕಿತು. ಆದರೆ ತೊಂಬತ್ತರ ದಶಕದಲ್ಲಿ, ವಿಂಡೋಸ್‌ಗೂ ಹಿಂದಿನ ಡಾಸ್ ವ್ಯವಸ್ಥೆಗೆಂದು, ಕ್ಲಿಪ್ಪರ್ ಅಥವಾ ಫಾಕ್ಸ್‌ಪ್ರೋ ಎಂಬ ಡೇಟಾಬೇಸ್ ಭಾಷೆಗಳಲ್ಲಿ ಬರೆಸಿದ ತಂತ್ರಾಂಶವನ್ನೇ ನಂಬಿಕೊಂಡು ನಡೆಯುತ್ತಿರುವ ಪತ್ತಿನ ಸಂಘ, ಮಂಡಿ, ರೈಸ್ ಮಿಲ್, ಔಷಧದ ಸಗಟು ಅಂಗಡಿಗಳಿಗೆ ಇದು ನಿಜವಾದ ತಿರುವು. ವಿಂಡೋಸ್ 10ಕ್ಕೆ 32 ಬಿಟ್ ಆವೃತ್ತಿ ಇತ್ತು, ಅದರಲ್ಲಿ 16 ಬಿಟ್‌ನ ಡಾಸ್ ಪ್ರೋಗ್ರಾಂ ಹೇಗೋ ಓಡುತ್ತಿತ್ತು. ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ. ಅಲ್ಲಿ ಆ ಹಳೆಯ ಇಎಕ್ಸ್‌ಇ ಫೈಲಿನ ಮೇಲೆ ಎಷ್ಟು ಸಲ ಒತ್ತಿದರೂ ಅದು ತೆರೆಯುವುದಿಲ್ಲ.

ಆಗ ಎಲ್ಲರೂ ಕೇಳುವುದು ಒಂದೇ: 'ಇದನ್ನು ಬಿಸಾಕಿ ಹೊಸದು ಮಾಡಿಸೋಣವೇ?' ಬಿಸಾಕುವ ಮೊದಲು ಒಂದು ವಿಷಯ ಯೋಚಿಸಿ. ಆ ತಂತ್ರಾಂಶದಲ್ಲಿ ಬೆಲೆಬಾಳುವ ವಸ್ತು ಎರಡಿವೆ. ಒಂದು, ವರ್ಷಗಟ್ಟಲೆಯ ಡೇಟಾ. ಇನ್ನೊಂದು, ಕೋಡಿನಲ್ಲಿ ಹುದುಗಿರುವ ನಿಯಮಗಳು: ಎಷ್ಟನೆಯ ದಿನದಿಂದ ಸುಸ್ತಿ ಬಡ್ಡಿ ಹಾಕಬೇಕು, ಯಾವ ಸಾಲಕ್ಕೆ ಪೈಸೆ ಬಿಟ್ಟು ರೂಪಾಯಿಗೆ ತರಬೇಕು, ಹಮಾಲಿ ಯಾರ ಖಾತೆಗೆ, ತೂಕದಲ್ಲಿ ಎಷ್ಟು ಕಡಿತ. ಈ ನಿಯಮಗಳಲ್ಲಿ ಅರ್ಧದಷ್ಟು ಯಾವ ಕಾಗದದ ಮೇಲೂ ಇರುವುದಿಲ್ಲ, ಹಳೆಯ ಗುಮಾಸ್ತರ ತಲೆಯಲ್ಲಿ ಇದ್ದವು, ಅಲ್ಲಿಂದ ಕೋಡಿಗೆ ಇಳಿದವು. ಆದ್ದರಿಂದ ಯಾವ ದಾರಿ ಆರಿಸಿದರೂ ನಾನು ಅಳೆಯುವುದು ಒಂದೇ ಅಳತೆಯಲ್ಲಿ: ಈ ನಿಯಮಗಳಲ್ಲಿ ಎಷ್ಟು ಪಾಲು ಮತ್ತೆ ಬರೆಯದೆ ಹಾಗೇ ದಾಟುತ್ತದೆ? ಪರದೆ ಎಷ್ಟು ಚೆಂದ ಕಾಣುತ್ತದೆ ಎಂಬುದು ಆಮೇಲಿನ ಮಾತು.

ಮೊದಲು ನಿಮ್ಮ ಬಳಿ ಇರುವುದು ಯಾವುದು ನೋಡಿ

ಈ ಭಾಷೆಗಳೆಲ್ಲ ಒಂದೇ ಮನೆತನದವು. ಅಮೆರಿಕದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ಕೆಲಸಕ್ಕಿದ್ದ ವೇಯ್ನ್ ರ‍್ಯಾಟ್ಲಿಫ್ ಎಪ್ಪತ್ತರ ದಶಕದ ಕೊನೆಗೆ ಬರೆದ 'ವಲ್ಕನ್' ಎಂಬ ಪ್ರೋಗ್ರಾಂ ಆಮೇಲೆ ಆಷ್ಟನ್-ಟೇಟ್ ಕಂಪನಿಯ ಕೈಯಲ್ಲಿ ಡಿಬೇಸ್ ಆಯಿತು. ಡಿಬೇಸ್ ಪ್ರೋಗ್ರಾಂಗಳನ್ನು ಕಂಪೈಲ್ ಮಾಡಿ (ಯಂತ್ರ ಓಡಿಸುವ ರೂಪಕ್ಕೆ ತಂದು) ಒಂದೇ ಇಎಕ್ಸ್‌ಇ ಆಗಿ ಕೊಡಲು 1985ರಲ್ಲಿ ನ್ಯಾಂಟಕೆಟ್ ಕಂಪನಿ ಕ್ಲಿಪ್ಪರ್ ತಂದಿತು. ಒಹಾಯೊ ರಾಜ್ಯದ ಫಾಕ್ಸ್ ಸಾಫ್ಟ್‌ವೇರ್ ಅದೇ ಭಾಷೆಯನ್ನು ಇನ್ನಷ್ಟು ವೇಗವಾಗಿ ಓಡಿಸುವ ಫಾಕ್ಸ್‌ಬೇಸ್, ನಂತರ ಫಾಕ್ಸ್‌ಪ್ರೋ ಮಾಡಿತು. 1992ರಲ್ಲಿ ಫಾಕ್ಸ್ ಮೈಕ್ರೋಸಾಫ್ಟ್ ಪಾಲಾಯಿತು, ನ್ಯಾಂಟಕೆಟ್ ಕಂಪ್ಯೂಟರ್ ಅಸೋಸಿಯೇಟ್ಸ್ ಪಾಲಾಯಿತು. 1995ರಲ್ಲಿ ವಿಷುಯಲ್ ಫಾಕ್ಸ್‌ಪ್ರೋ ಬಂತು. ಅದರ ಕೊನೆಯ ಆವೃತ್ತಿ 9, 2004ರ ಕೊನೆಗೆ ಬಂದದ್ದು. 10ನೆಯದು ಬರುವುದಿಲ್ಲ ಎಂದು ಮೈಕ್ರೋಸಾಫ್ಟ್ 2007ರಲ್ಲೇ ಹೇಳಿತ್ತು, 2015ರ ಜನವರಿಯಲ್ಲಿ ಬೆಂಬಲವನ್ನೂ ನಿಲ್ಲಿಸಿತು. ನಮ್ಮಲ್ಲಿ ಬೀದಿಗೊಂದು ಕಂಪ್ಯೂಟರ್ ಕ್ಲಾಸು ಶುರುವಾದ ಕಾಲದಲ್ಲಿ ಡಿಬೇಸ್, ಫಾಕ್ಸ್‌ಪ್ರೋ ಕಲಿತು ಹೊರಬಂದವರು ಬರೆದ ತಂತ್ರಾಂಶಗಳೇ ಇಂದಿಗೂ ಉಳಿದಿರುವವು.

ಫೋಲ್ಡರ್ ತೆರೆದರೆ ಗುರುತು ಸಿಗುತ್ತದೆ. ಡಿಬಿಎಫ್ ಎಂಬ ಡೇಟಾ ಟೇಬಲ್ ಫೈಲುಗಳ ಜೊತೆಗೆ, ಎನ್‌ಟಿಎಕ್ಸ್ ಎಂದು ಹೆಸರು ಕೊನೆಯಾಗುವ ಇಂಡೆಕ್ಸ್ (ಬೇಗ ಹುಡುಕುವ ಸೂಚಿ) ಫೈಲುಗಳಿದ್ದರೆ ಅದು ಕ್ಲಿಪ್ಪರ್. ಸಿಡಿಎಕ್ಸ್ ಮತ್ತು ಎಫ್‌ಪಿಟಿ ಇದ್ದರೆ ಫಾಕ್ಸ್‌ಪ್ರೋ. ಡಿಬಿಸಿ ಎಂಬ ಫೈಲೂ ಇದ್ದರೆ ವಿಷುಯಲ್ ಫಾಕ್ಸ್‌ಪ್ರೋ. ಪಿಆರ್‌ಜಿ ಫೈಲುಗಳು ಇವೆಯೇ ನೋಡಿಕೊಳ್ಳಿ, ಅವೇ ಸೋರ್ಸ್ ಕೋಡ್, ಅಂದರೆ ಬರೆದವರ ಕೈಯ ಮೂಲ ಪಠ್ಯ. ಅವು ಇವೆಯೋ ಇಲ್ಲವೋ ಎಂಬುದರ ಮೇಲೆ ಅರ್ಧ ನಿರ್ಧಾರ ನಿಂತಿದೆ.

ಹಾಗೇ ಓಡಿಸುವುದು

ಸೋರ್ಸ್ ಮುಟ್ಟದೆ, ಹೊಸ ಕಂಪ್ಯೂಟರಿನೊಳಗೆ ಡಾಸ್‌ನ ವಾತಾವರಣ ಹುಟ್ಟಿಸಿ ಓಡಿಸಬಹುದು. ಡಾಸ್‌ಬಾಕ್ಸ್ ಆಟಗಳಿಗಾಗಿ ಹುಟ್ಟಿದ್ದು. ಹಲವರು ಒಟ್ಟಿಗೆ ಬಳಸುವ ಡೇಟಾಬೇಸಿಗೆ ನಾನು ಅದನ್ನು ಸೂಚಿಸುವುದಿಲ್ಲ. ವಿಡಾಸ್ ಎಂಬುದು ಇಂಥ ಕಚೇರಿ ತಂತ್ರಾಂಶಗಳಿಗೆಂದೇ ಮಾಡಿದ್ದು. ಫೈಲ್ ಲಾಕ್‌ಗಳನ್ನು ವಿಂಡೋಸ್‌ಗೆ ದಾಟಿಸುತ್ತದೆ, ಪ್ರಿಂಟರ್ ಪೋರ್ಟಿಗೆ ಹೋಗುವ ಅಕ್ಷರಗಳನ್ನು ಹಿಡಿದು ವಿಂಡೋಸ್ ಪ್ರಿಂಟರಿಗೆ ಕಳಿಸುತ್ತದೆ. ನಮ್ಮ ಕಚೇರಿಗಳಲ್ಲಿ ಈ ಪ್ರಿಂಟಿಂಗ್ ಸಣ್ಣ ವಿಷಯವಲ್ಲ. 132 ಕಾಲಂನ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ನೇರವಾಗಿ ಸಂಕೇತ ಕಳಿಸಿ ದಪ್ಪ ಅಕ್ಷರ, ಒತ್ತೊತ್ತು ಅಕ್ಷರ ಮಾಡುತ್ತಿದ್ದ ಪ್ರೋಗ್ರಾಂಗಳವು. ಪಾಸ್‌ಬುಕ್ಕಿನ ಗೆರೆಗೆ ಸರಿಯಾಗಿ ಅಂಕಿ ಬೀಳುವುದು ಆ ಸಂಕೇತಗಳಿಂದಲೇ. ಲೇಸರ್ ಪ್ರಿಂಟರಿಗೆ ಹೋದ ದಿನ ಈ ಕೆಲಸ ಹೊಸದಾಗಿ ಮಾಡಬೇಕು ಎಂಬುದನ್ನು ಖರ್ಚಿನ ಪಟ್ಟಿಯಲ್ಲಿ ಈಗಲೇ ಬರೆದಿಟ್ಟುಕೊಳ್ಳಿ.

ಈ ದಾರಿ ಒಂದೆರಡು ವರ್ಷದ ಉಸಿರು ಕೊಡುತ್ತದೆ. ಹೊಸ ನಿಯಮ ಸೇರಿಸಬೇಕೆಂದರೆ ಮತ್ತೆ ಅದೇ ಹಳೆಯ ಕಂಪೈಲರ್ ಬೇಕು. ಹಳೆಯ ಲೆಕ್ಕ ನೋಡುವುದಕ್ಕೆ ಮಾತ್ರ ಬೇಕಾದ ತಂತ್ರಾಂಶಕ್ಕೆ ಇದು ಸಾಕು, ಅದಕ್ಕಾಗಿ ಹೆಚ್ಚು ದುಡ್ಡು ಸುರಿಯಬೇಡಿ.

ಹಾರ್ಬರ್: ಕ್ಲಿಪ್ಪರ್ ಮಂದಿಗೆ ನೇರ ದಾರಿ

ಪಿಆರ್‌ಜಿ ಫೈಲುಗಳು ಕೈಯಲ್ಲಿವೆ, ತಂತ್ರಾಂಶ ಕ್ಲಿಪ್ಪರ್‌ನದು ಎಂದಾದರೆ ನನ್ನ ಉತ್ತರ ಹಾರ್ಬರ್. 1999ರಲ್ಲಿ ಶುರುವಾದ ಮುಕ್ತ ತಂತ್ರಾಂಶ ಯೋಜನೆ ಇದು. ಕ್ಲಿಪ್ಪರ್ ಕೋಡನ್ನು ಸಿ ಭಾಷೆಗೆ ಇಳಿಸಿ, ಅಲ್ಲಿಂದ ವಿಂಡೋಸ್, ಲಿನಕ್ಸ್, ಮ್ಯಾಕ್ ಯಾವುದಕ್ಕಾದರೂ 32 ಅಥವಾ 64 ಬಿಟ್ ಪ್ರೋಗ್ರಾಂ ಮಾಡಿಕೊಡುತ್ತದೆ. ದುಡ್ಡು ಕೊಡಬೇಕಾಗಿಲ್ಲ, ನೀವು ಮಾಡಿದ ತಂತ್ರಾಂಶವನ್ನು ಮಾರಲೂ ಅಡ್ಡಿಯಿಲ್ಲ.

ಇದರ ಹೊಂದಿಕೆ ಎಷ್ಟು ಆಳಕ್ಕೆ ಹೋಗುತ್ತದೆ ಎಂಬುದನ್ನು ಹೇಳಲೇಬೇಕು. ಎನ್‌ಟಿಎಕ್ಸ್, ಸಿಡಿಎಕ್ಸ್ ಎರಡೂ ಇಂಡೆಕ್ಸ್ ಓದಿ ಬರೆಯುತ್ತದೆ. ಆ ಕಾಲದಲ್ಲಿ ಎಲ್ಲರೂ ಬಳಸುತ್ತಿದ್ದ ಸಿಎ-ಟೂಲ್ಸ್, ನ್ಯಾನ್‌ಫೋರಂ ಲೈಬ್ರರಿಗಳಿಗೆ ಬದಲಿ ಲೈಬ್ರರಿಗಳು ಜೊತೆಯಲ್ಲೇ ಬರುತ್ತವೆ. ಎಲ್ಲಕ್ಕಿಂತ ಮುಖ್ಯವಾದದ್ದು, ಹಳೆಯ ಕ್ಲಿಪ್ಪರ್ ಪ್ರೋಗ್ರಾಂ ಮತ್ತು ಹೊಸ ಹಾರ್ಬರ್ ಪ್ರೋಗ್ರಾಂ ಒಂದೇ ಟೇಬಲ್ಲನ್ನು ಒಂದೇ ಹೊತ್ತಿಗೆ ತೆರೆದು ಕೆಲಸ ಮಾಡಬಲ್ಲವು. ರೆಕಾರ್ಡಿಗೆ ಲಾಕ್ ಹಾಕುವ ಪದ್ಧತಿ ಎರಡೂ ಕಡೆ ಒಂದೇ ಇರಬೇಕು, ಅಷ್ಟೇ. ಅದನ್ನು ಆರಿಸಿಕೊಳ್ಳುವ ಸೆಟ್ಟಿಂಗ್ ಹಾರ್ಬರ್‌ನಲ್ಲಿದೆ. ಅಂದರೆ ಒಂದು ಕೌಂಟರಿನಲ್ಲಿ ಹೊಸದು, ಉಳಿದ ಕೌಂಟರುಗಳಲ್ಲಿ ಹಳೆಯದು ಇಟ್ಟು ದಿನದ ಕೊನೆಗೆ ಎರಡರ ರೋಜುವಾರು ಲೆಕ್ಕ ತಾಳೆ ನೋಡಬಹುದು. ಬೇರೆ ಯಾವ ದಾರಿಯಲ್ಲೂ ಇಷ್ಟು ಸಲೀಸಾಗಿ ಈ ಜೋಡಿ ಓಟ ಸಿಗುವುದಿಲ್ಲ.

ತೊಡಕುಗಳೂ ಇವೆ. ಮೂರನೆಯವರಿಂದ ಕೊಂಡ 16 ಬಿಟ್‌ನ ಲೈಬ್ರರಿ ಫೈಲುಗಳನ್ನು ನೇರವಾಗಿ ಜೋಡಿಸಲಾಗದು. ಡಾಸ್ ಫಾಕ್ಸ್‌ಪ್ರೋ ಕೋಡ್ ಆದರೆ ಕೈಕೆಲಸ ಹೆಚ್ಚುತ್ತದೆ: ಸ್ಕ್ಯಾನ್ ಲೂಪ್, ಬ್ರೌಸ್ ಕಿಟಕಿ, ಕೋಡಿನ ನಡುವೆಯೇ ಬರೆದ ಸೆಲೆಕ್ಟ್ ಸಾಲುಗಳನ್ನು ಕ್ಲಿಪ್ಪರ್ ರೀತಿಗೆ ತಿದ್ದಬೇಕು. ಪರದೆ ಮೊದಲಿಗೆ ಹಳೆಯ ಕಪ್ಪು-ನೀಲಿ ಪರದೆಯಾಗಿಯೇ ಬರುತ್ತದೆ. ಫೈವ್‌ವಿನ್, ಮಿನಿಗುಯಿ, ಎಚ್‌ಎಂಜಿ ಥರದ ಲೈಬ್ರರಿ ಸೇರಿಸಿಕೊಂಡರೆ ವಿಂಡೋಸ್ ರೂಪ ಕೊಡಬಹುದು, ಆದರೆ ಅದು ಬೇರೆಯದೇ ಕೆಲಸ. ಮೊದಲು ಲೆಕ್ಕ ತಾಳೆಯಾಗಲಿ, ಚೆಂದ ಆಮೇಲೆ ಮಾಡಿ. ಎರಡನ್ನೂ ಒಟ್ಟಿಗೆ ಹಿಡಿದರೆ ತಪ್ಪು ಎಲ್ಲಿಂದ ಬಂತು ಎಂದು ಹುಡುಕುವುದರಲ್ಲೇ ದಿನ ಕಳೆಯುತ್ತದೆ.

ಇನ್ನೊಂದು ಅನುಕೂಲ ಜಿಎಸ್‌ಟಿಯದು. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ದಾಟಿದವರಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯ. ಬಿಲ್ಲಿನ ವಿವರವನ್ನು ಜೆಸನ್ ಎಂಬ ಪಠ್ಯ ರೂಪದಲ್ಲಿ ಸರ್ಕಾರದ ಪೋರ್ಟಲ್ಲಿಗೆ ಕಳಿಸಬೇಕು. ಜೆಸನ್ ಬರೆಯುವ, ಓದುವ ಫಂಕ್ಷನ್‌ಗಳು ಹಾರ್ಬರ್‌ನೊಳಗೇ ಇವೆ. 1991ರ ಕೋಡಿನಿಂದ ಇಂದಿನ ಜಿಎಸ್‌ಟಿ ಬಿಲ್ ಹೊರಡುವುದು ಸಾಧ್ಯ ಎಂಬುದು ನನಗೆ ಇಂದಿಗೂ ಸಂತೋಷ ಕೊಡುವ ಸಂಗತಿ.

ವಿಷುಯಲ್ ಫಾಕ್ಸ್‌ಪ್ರೋ 9ರಲ್ಲೇ ಉಳಿಯುವುದು

ಇದನ್ನು ಹೇಳಿದರೆ ಹೊಸ ಹುಡುಗರಿಗೆ ಆಶ್ಚರ್ಯ. ಆದರೆ ವಿಷುಯಲ್ ಫಾಕ್ಸ್‌ಪ್ರೋ 9ರ ಪ್ರೋಗ್ರಾಂ 32 ಬಿಟ್‌ನದು, ವಿಂಡೋಸ್ 11ರಲ್ಲಿ ಚೆನ್ನಾಗಿಯೇ ಓಡುತ್ತದೆ. ಬೆಂಬಲ ನಿಂತಿದೆ ಎಂದ ಮಾತ್ರಕ್ಕೆ ಓಡುತ್ತಿರುವುದು ನಿಲ್ಲುವುದಿಲ್ಲ. ವಿಎಫ್‌ಪಿಎಕ್ಸ್ ಎಂಬ ಬಳಕೆದಾರರ ಬಳಗ ಇಂದಿಗೂ ಉಪಯುಕ್ತ ಸಲಕರಣೆಗಳನ್ನು ಗಿಟ್‌ಹಬ್‌ನಲ್ಲಿ ಬೆಳೆಸುತ್ತಿದೆ, ಜೆಸನ್ ಓದಿ ಬರೆಯುವುದಕ್ಕೂ ಅಲ್ಲಿ ಸಾಮಗ್ರಿ ಸಿಗುತ್ತದೆ. ಫಾರ್ಮ್, ರಿಪೋರ್ಟ್, ಕರ್ಸರ್ (ತಾತ್ಕಾಲಿಕ ಟೇಬಲ್) ಎಲ್ಲ ಒಂದೇ ಭಾಷೆಯೊಳಗೆ ಇಷ್ಟು ಬಿಗಿಯಾಗಿ ಕೂಡಿದ ಬೇರೆ ಸಾಧನ ನಾನು ಕಂಡಿಲ್ಲ. ರಶ್‌ಮೋರ್ ಎಂಬ ಅದರ ಹುಡುಕುವ ತಂತ್ರ ಲಕ್ಷಾಂತರ ರೆಕಾರ್ಡುಗಳಲ್ಲಿ ಬೇಕಾದ್ದನ್ನು ಕಣ್ಣುಮುಚ್ಚಿ ತೆಗೆಯುವುದರೊಳಗೆ ತಂದಿಡುತ್ತದೆ. ಒಂದು ಷರತ್ತು: ಇಂಡೆಕ್ಸ್‌ನಲ್ಲಿ ಬರೆದ ಸೂತ್ರ ಮತ್ತು ಪ್ರಶ್ನೆಯಲ್ಲಿ ಬರೆದ ಸೂತ್ರ ಅಕ್ಷರಶಃ ಒಂದೇ ಆಗಿರಬೇಕು. ನಿಧಾನವಾಗಿದೆ ಎಂದು ದೂರುವ ಎಷ್ಟೋ ತಂತ್ರಾಂಶಗಳಲ್ಲಿ ತಪ್ಪಿರುವುದು ಇಲ್ಲೇ.

ಉಳಿಯುವುದಕ್ಕೆ ಮಿತಿಗಳು ಮೂರು. ಒಂದು ಟೇಬಲ್ ಫೈಲ್ 2 ಜಿಬಿ ದಾಟುವಂತಿಲ್ಲ. ಎಲ್ಲ ಲಿಪಿಗಳಿಗೂ ಒಂದೇ ಸಂಕೇತಪಟ್ಟಿಯಾದ ಯೂನಿಕೋಡ್ ಈ ಭಾಷೆಗೆ ಗೊತ್ತಿಲ್ಲ. ಮೂರನೆಯದು, ಡಿಬಿಎಫ್ ಇರುವ ಎಲ್ಲ ಕಡೆಯ ತೊಂದರೆ: ಸರ್ವರ್ ಎಂಬುದು ಇಲ್ಲ, ಪ್ರತಿ ಕಂಪ್ಯೂಟರೂ ಜಾಲದ ಮೂಲಕ ಅದೇ ಫೈಲನ್ನು ತಾನೇ ತೆರೆದು ತಾನೇ ಬರೆಯುತ್ತದೆ. ಬರೆಯುವ ನಡುವೆ ಕರೆಂಟ್ ಹೋದರೆ ಫೈಲ್ ಅರ್ಧಕ್ಕೆ ನಿಲ್ಲುತ್ತದೆ.

ಹಾಗೆ ನಿಂತಾಗ ಒಳಗೆ ಏನಾಗಿದೆ ಎಂದು ತಿಳಿದಿರುವುದು ಒಳ್ಳೆಯದು. ಡಿಬಿಎಫ್ ಫೈಲಿನ ಮೊದಲ 32 ಬೈಟ್ ತಲೆಬರಹ. ಅದರಲ್ಲಿ ಎಷ್ಟು ರೆಕಾರ್ಡ್ ಇವೆ ಎಂಬ ಅಂಕಿ ಇರುತ್ತದೆ. ಆಮೇಲೆ ಪ್ರತಿ ಫೀಲ್ಡಿಗೆ 32 ಬೈಟ್, ಕೊನೆಗೆ ಒಂದು ಗುರುತಿನ ಬೈಟ್, ನಂತರ ರೆಕಾರ್ಡುಗಳ ಸಾಲು. ಫಾಕ್ಸ್‌ಪ್ರೋ 2.6ರ ಟೇಬಲ್ಲಿನಲ್ಲಿ 12 ಫೀಲ್ಡ್, ಒಂದು ರೆಕಾರ್ಡಿಗೆ 121 ಬೈಟ್, ಒಟ್ಟು 5,000 ರೆಕಾರ್ಡ್ ಎಂದಿಟ್ಟುಕೊಳ್ಳಿ. ತಲೆಯ ಭಾಗ 32 + 384 + 1, ಅಂದರೆ 417. ರೆಕಾರ್ಡುಗಳು 6,05,000. ಫೈಲ್ ಮುಗಿಯಿತು ಎಂಬ ಕೊನೆಯ ಒಂದು ಬೈಟ್ ಸೇರಿ 6,05,418. ವಿಂಡೋಸ್ ತೋರಿಸುವ ಗಾತ್ರ ಇದಕ್ಕಿಂತ 121 ಹೆಚ್ಚಾಗಿದ್ದರೆ, ಒಂದು ರೆಕಾರ್ಡ್ ಬರೆದಾಗಿದೆ, ಆದರೆ ತಲೆಬರಹದ ಅಂಕಿ ಏರುವ ಮೊದಲೇ ಕರೆಂಟ್ ಹೋಗಿದೆ. ವಿಷುಯಲ್ ಫಾಕ್ಸ್‌ಪ್ರೋ ಇದನ್ನು ಕಂಡಾಗ 'ಟೇಬಲ್ ಕೆಟ್ಟಿದೆ' ಎಂಬ 2091ನೇ ದೋಷ ತೋರಿಸಿ ತೆರೆಯಲು ಒಪ್ಪುವುದಿಲ್ಲ. ಡೇಟಾ ಬಹುಪಾಲು ಸಲ ಅಲ್ಲೇ ಇರುತ್ತದೆ, ಆ ಅಂಕಿ ಸರಿಪಡಿಸಿ ಇಂಡೆಕ್ಸ್ ಮತ್ತೆ ಕಟ್ಟಿದರೆ ಮುಗಿಯಿತು. ಗಾಬರಿಯಲ್ಲಿ ಹಿಂದಿನ ವಾರದ ಬ್ಯಾಕಪ್ ಮೇಲೆ ಸುರಿದು ಒಂದು ವಾರದ ವಹಿವಾಟು ಕಳೆದುಕೊಳ್ಳಬೇಡಿ. ಡೇಟಾ ಇಟ್ಟ ಕಂಪ್ಯೂಟರಿಗೆ ಯುಪಿಎಸ್ ಇಲ್ಲದಿದ್ದರೆ ಈ ಲೇಖನ ಓದುವುದನ್ನು ನಿಲ್ಲಿಸಿ ಮೊದಲು ಅದನ್ನು ತನ್ನಿ.

ಈ ಮೂರನೆಯ ಮಿತಿಗೆ ಮದ್ದು ಇದೆ. ಫಾರ್ಮ್, ರಿಪೋರ್ಟ್, ನಿಯಮಗಳು ವಿಷುಯಲ್ ಫಾಕ್ಸ್‌ಪ್ರೋದಲ್ಲೇ ಇರಲಿ, ಡೇಟಾ ಮಾತ್ರ ಪೋಸ್ಟ್‌ಗ್ರೆಸ್, ಮಾರಿಯಾಡಿಬಿ ಅಥವಾ ಎಸ್‌ಕ್ಯುಎಲ್ ಸರ್ವರ್ ಥರದ ಡೇಟಾಬೇಸ್ ಸರ್ವರಿಗೆ ಹೋಗಲಿ. ಓಡಿಬಿಸಿ ಎಂಬ ಸಂಪರ್ಕ ಸೇತುವೆಯ ಮೂಲಕ ಕರ್ಸರಿಗೆ ತಂದುಕೊಂಡರೆ ಹಳೆಯ ಕೋಡಿನ ಬಹುಭಾಗಕ್ಕೆ ವ್ಯತ್ಯಾಸವೇ ತಿಳಿಯುವುದಿಲ್ಲ. ಟೇಬಲ್ ಪೂರ್ತಿ ತೆರೆದು ಮೇಲಿಂದ ಕೆಳಗೆ ಓಡಾಡುವ ಅಭ್ಯಾಸವನ್ನು ಮಾತ್ರ ಬಿಡಬೇಕು, ಬೇಕಾದ ಸದಸ್ಯನ ರೆಕಾರ್ಡು ಮಾತ್ರ ಕೇಳಿ ತರಬೇಕು. ದೊಡ್ಡ ಸಂಸ್ಥೆಗಳಿಗೆ ನಾನು ಮನಸಾರೆ ಒಪ್ಪುವ ದಾರಿ ಇದು. ಡೇಟಾ ಒಮ್ಮೆ ಗಟ್ಟಿ ಜಾಗಕ್ಕೆ ಹೋದರೆ ಮುಂದಿನ ಪರದೆಗಳನ್ನು ಯಾವ ಭಾಷೆಯಲ್ಲಾದರೂ ಒಂದೊಂದಾಗಿ ಬರೆಯಬಹುದು.

ಕನ್ನಡ ಡೇಟಾ ಇದ್ದರೆ ಲೆಕ್ಕವೇ ಬೇರೆ

ಹೆಸರು, ಊರು, ಷರಾ ಕನ್ನಡದಲ್ಲಿದ್ದರೆ ಆಯ್ಕೆಯ ಪ್ರಶ್ನೆ ಇಲ್ಲಿಂದಲೇ ಶುರುವಾಗಬೇಕು. ಬೇರೆ ದೇಶದವರು ಬರೆದ ಯಾವ ಮಾರ್ಗದರ್ಶಿಯಲ್ಲೂ ಈ ಭಾಗ ಸಿಗುವುದಿಲ್ಲ.

ಡಾಸ್ ಕಾಲದಲ್ಲಿ ಸಿ-ಡ್ಯಾಕ್ ಎಂಬ ಸರ್ಕಾರಿ ಸಂಸ್ಥೆಯ, ಭಾರತೀಯ ಲಿಪಿ ಮೂಡಿಸುವ ಜಿಸ್ಟ್ ಕಾರ್ಡ್ ಹಾಕಿಸಿಕೊಂಡು ಡಿಬೇಸ್, ಫಾಕ್ಸ್‌ಪ್ರೋದಲ್ಲಿ ಕನ್ನಡ ತುಂಬಿದವರಿದ್ದರು. ಆ ಡೇಟಾ 1991ರಲ್ಲಿ ಭಾರತೀಯ ಮಾನಕವಾದ ಇಸ್ಕಿ ಸಂಕೇತದಲ್ಲಿದೆ. ಅದರಲ್ಲಿ ಅಕ್ಷರಗಳು ನಾವು ಉಚ್ಚರಿಸುವ ಕ್ರಮದಲ್ಲೇ ಕೂತಿರುವುದರಿಂದ ಯೂನಿಕೋಡಿಗೆ ತರುವುದು ಸುಲಭ. ವಿಂಡೋಸ್ ಕಾಲದ ಡೇಟಾ ಹಾಗಲ್ಲ. ನುಡಿ, ಬರಹ, ಶ್ರೀಲಿಪಿ ಫಾಂಟುಗಳು ಅಕ್ಷರದ ಬದಲು ಅಕ್ಷರದ ಚೂರುಗಳನ್ನು ಇಡುತ್ತಿದ್ದವು. ನುಡಿಯಲ್ಲಿ 'ಕ' ಎಂಬುದೇ ಎರಡು ಬೈಟ್: ಮೈ ಒಂದು, ತಲೆಕಟ್ಟು ಒಂದು. 'ಕನ್ನಡ' ಎಂದು ತುಂಬಿದರೆ ಟೇಬಲ್ಲಿನಲ್ಲಿ ಕೂರುವುದು ಏಳು ಬೈಟ್. ಫಾಂಟ್ ತೆಗೆದು ನೋಡಿದರೆ ಇಂಗ್ಲಿಷ್ ಅಕ್ಷರಗಳ ನಡುವೆ ಯೂರೋಪಿನ ಅಕ್ಷರಗಳು ಸೇರಿದ ಗೋಜಲು. ಅರ್ಕಾವತ್ತು ಕಣ್ಣಿಗೆ ಕಾಣುವ ಜಾಗದಲ್ಲೇ, ಅಂದರೆ ವ್ಯಂಜನದ ನಂತರ ಇರುತ್ತದೆ. ಯೂನಿಕೋಡಿನಲ್ಲಿ ಅದು ಮೊದಲು ಬರಬೇಕು. ಆದ್ದರಿಂದ ಒಂದಕ್ಕೊಂದು ಬದಲಿಸುವ ಪಟ್ಟಿ ಸಾಲದು, ಕ್ರಮ ತಿದ್ದುವ ಪರಿವರ್ತಕ ಬೇಕು. ಪರಿವರ್ತಿಸಿದ ಮೇಲೆ ಕೃಷ್ಣಮೂರ್ತಿ, ಪಾರ್ವತಮ್ಮ, ಜ್ಯೋತ್ಸ್ನಾ, ಸೂರ್ಯನಾರಾಯಣ ಇಂಥ ಹೆಸರುಗಳನ್ನು ಹುಡುಕಿ ಕಣ್ಣಾರೆ ನೋಡಿ. ಕೆಟ್ಟಿದ್ದರೆ ಇಲ್ಲೇ ಕೆಟ್ಟಿರುತ್ತದೆ.

ಆಮೇಲಿನದು ಜಾಗದ ಪ್ರಶ್ನೆ. ಯೂನಿಕೋಡನ್ನು ಫೈಲಿನಲ್ಲಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್. 'ಶ್ರೀನಿವಾಸಮೂರ್ತಿ' ಎಂಬ ಹೆಸರಿನಲ್ಲಿ ಒತ್ತು, ಗುಣಿತ ಸೇರಿ 15 ಸಂಕೇತ, ಅಂದರೆ 45 ಬೈಟ್. ಹಳೆಯ ಟೇಬಲ್ಲಿನ 30 ಅಗಲದ ಹೆಸರಿನ ಫೀಲ್ಡಿನಲ್ಲಿ ಅದು ಹಿಡಿಸದೆ ನಡುವೆ ತುಂಡಾಗುತ್ತದೆ. ಡಿಬಿಎಫ್ ಇಟ್ಟುಕೊಂಡರೆ ಹೆಸರಿನ ಫೀಲ್ಡುಗಳನ್ನು ಕನಿಷ್ಠ ಮೂರು ಪಟ್ಟು ಅಗಲಿಸಲೇಬೇಕು. ಫಾಕ್ಸ್‌ಪ್ರೋ ಫೀಲ್ಡಿನ ಗರಿಷ್ಠ ಅಗಲ 254 ಬೈಟ್, ಅಂದರೆ 84 ಸಂಕೇತ. ವಿಳಾಸಕ್ಕೆ ಅದೂ ಸಾಲದೆ ಬರಬಹುದು. ಪೋಸ್ಟ್‌ಗ್ರೆಸ್‌ನಲ್ಲಿ ಈ ಕಿರಿಕಿರಿ ಇಲ್ಲ, ಅಲ್ಲಿ 30 ಎಂದರೆ 30 ಸಂಕೇತವೇ, ಬೈಟ್ ಅಲ್ಲ. ಅಕಾರಾದಿಯಾಗಿ ಜೋಡಿಸುವುದೂ ಅಲ್ಲಿ ಸರಿಯಾಗಿ ಬರುತ್ತದೆ. ನುಡಿಯ ಚೂರುಗಳ ಮೇಲೆ ಕಟ್ಟಿದ ಇಂಡೆಕ್ಸಿನಿಂದ ಸರಿಯಾದ ಅಕಾರಾದಿ ಎಂದೂ ಬರಲಿಲ್ಲ.

ಇನ್ನು ಪರದೆ. ವಿಷುಯಲ್ ಫಾಕ್ಸ್‌ಪ್ರೋದ ಪಠ್ಯಪೆಟ್ಟಿಗೆಗಳು ವಿಂಡೋಸ್‌ನ ಹಳೆಯ ಕೋಡ್ ಪೇಜ್ (ಲಿಪಿಗೊಂದು ಸಂಕೇತಪಟ್ಟಿ) ಪದ್ಧತಿಯನ್ನು ನಂಬಿವೆ, ಕನ್ನಡಕ್ಕೆ ಅಂಥ ಕೋಡ್ ಪೇಜ್ ವಿಂಡೋಸ್‌ನಲ್ಲಿ ಇಲ್ಲವೇ ಇಲ್ಲ. ಹೊರಗಿನ ಆಕ್ಟಿವ್‌ಎಕ್ಸ್ ಕಂಟ್ರೋಲ್ ತಂದು ತೇಪೆ ಹಾಕಬಹುದು, ಆದರೆ ಹತ್ತಾರು ಫಾರ್ಮುಗಳಿಗೆ ತೇಪೆ ಹಾಕುವುದು ಬದುಕಲ್ಲ. ಹಾರ್ಬರ್‌ಗೆ ಯುಟಿಎಫ್-8 ಅರ್ಥವಾಗುತ್ತದೆ, ಆದರೆ ಒಂದು ಚೌಕಕ್ಕೆ ಒಂದು ಅಕ್ಷರ ಎಂಬ ಲೆಕ್ಕದ ಕಪ್ಪು ಪರದೆಯಲ್ಲಿ ಒತ್ತಕ್ಷರ ಕೂರುವುದಿಲ್ಲ. ಕಿಟಕಿಯ ಲೈಬ್ರರಿ ಆರಿಸುವ ಮೊದಲು ಅದರಲ್ಲಿ 'ಸ್ತ್ರೀ' ಎಂದು ಬರೆದು ನೋಡಿ. ಒಟ್ಟಿನಲ್ಲಿ ಕನ್ನಡವೇ ಮುಖ್ಯವಾದ ಕಡೆ ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ವೇದಿಕೆ ಅಥವಾ ಬ್ರೌಸರ್ ಆಧಾರಿತ ಪರದೆಯೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಎಕ್ಸ್‌ಷಾರ್ಪ್ ಮತ್ತು ಎಕ್ಸ್‌ಬೇಸ್++

ಎಕ್ಸ್‌ಷಾರ್ಪ್ ಈ ಮನೆತನದ ಕಿರಿಯ ಕುಡಿ, ಮುಕ್ತ ತಂತ್ರಾಂಶ. ಅದೇ ಭಾಷೆಯ ಕೋಡನ್ನು ಡಾಟ್‌ನೆಟ್‌ಗೆ ಕಂಪೈಲ್ ಮಾಡುತ್ತದೆ. ವಿಷುಯಲ್ ಆಬ್ಜೆಕ್ಟ್ಸ್, ಫಾಕ್ಸ್‌ಪ್ರೋ, ಹಾರ್ಬರ್ ಹೀಗೆ ಯಾವ ಬಗೆಯ ಕೋಡ್ ಎಂದು ಹೇಳಿದರೆ ಆ ಬಗೆಗೆ ಹೊಂದಿಕೊಳ್ಳುತ್ತದೆ. ಡಾಟ್‌ನೆಟ್‌ನ ಪಠ್ಯವೆಲ್ಲ ಯೂನಿಕೋಡ್, ಹಾಗಾಗಿ ತುಂಗಾ ಅಥವಾ ನಿರ್ಮಲಾ ಫಾಂಟಿನಲ್ಲಿ ಕನ್ನಡ ಸೊಗಸಾಗಿ ಮೂಡುತ್ತದೆ. ಸಿ ಷಾರ್ಪ್ ಬಲ್ಲ ಹುಡುಗರು ಸಿಗುತ್ತಾರೆ, ಅವರು ಹೊಸ ಭಾಗಗಳನ್ನು ಸಿ ಷಾರ್ಪ್‌ನಲ್ಲೇ ಬರೆದು ಇದಕ್ಕೆ ಜೋಡಿಸಬಹುದು. ವಿಷುಯಲ್ ಫಾಕ್ಸ್‌ಪ್ರೋದ ಲೆಕ್ಕದ ಭಾಗ ಚೆನ್ನಾಗಿ ದಾಟುತ್ತದೆ. ಫಾರ್ಮುಗಳಿಗೆ ಕೈಕೆಲಸ ಉಳಿಯುತ್ತದೆ, ರಿಪೋರ್ಟುಗಳನ್ನು ಬೇರೆ ಸಾಧನದಲ್ಲಿ ಮತ್ತೆ ಮಾಡಬೇಕು. ಪರದೆಗಿಂತ ಲೆಕ್ಕವೇ ದೊಡ್ಡದಾದ ತಂತ್ರಾಂಶಕ್ಕೆ ಇದು ಬಹಳ ಒಳ್ಳೆಯ ಆಯ್ಕೆ. ಜರ್ಮನಿಯ ಅಲಾಸ್ಕಾ ಸಾಫ್ಟ್‌ವೇರ್‌ನ ಎಕ್ಸ್‌ಬೇಸ್++ ಕೂಡ ಕ್ಲಿಪ್ಪರ್ ಕೋಡಿಗೆ ಗಟ್ಟಿ ಸಾಧನ, ಆದರೆ ದುಡ್ಡು ಕೊಟ್ಟು ಕೊಳ್ಳಬೇಕು. ಹಾರ್ಬರ್ ಉಚಿತವಾಗಿರುವಾಗ ಸಣ್ಣ ಸಂಘಕ್ಕೆ ನಾನು ಅದನ್ನು ಹೇಳುವುದಿಲ್ಲ.

ಕ್ಲಾರಿಯನ್, ಪವರ್‌ಬಿಲ್ಡರ್, ಪ್ರೋಗ್ರೆಸ್ ಓಪನ್‌ಎಡ್ಜ್ ಹೆಸರುಗಳೂ ಕಿವಿಗೆ ಬೀಳುತ್ತವೆ. ಡೇಟಾಬೇಸ್ ಕೆಲಸಕ್ಕೆಂದೇ ಹುಟ್ಟಿ ದಶಕಗಳಿಂದ ಬಾಳಿದ ಒಳ್ಳೆಯ ಭಾಷೆಗಳು. ಆದರೆ ನಿಮ್ಮ ಪಿಆರ್‌ಜಿ ಫೈಲಿನ ಒಂದು ಸಾಲೂ ಅಲ್ಲಿ ಹಾಗೇ ಓಡುವುದಿಲ್ಲ. ಒಂದು ಅಪರೂಪದ ಭಾಷೆಯಿಂದ ಇನ್ನೊಂದು ಅಪರೂಪದ ಭಾಷೆಗೆ ಪೂರ್ತಿ ಮತ್ತೆ ಬರೆಯುವುದರಲ್ಲಿ ಅರ್ಥವಿಲ್ಲ.

ಪೂರ್ತಿ ಹೊಸದಾಗಿ ಬರೆಸುವುದು

ಬರೀ ಜಮಾ-ಖರ್ಚು, ದಾಸ್ತಾನು, ಜಿಎಸ್‌ಟಿ ಇಷ್ಟೇ ಇದ್ದರೆ ಬರೆಸಲೇಬೇಡಿ, ಟ್ಯಾಲಿಯಂಥ ಸಿದ್ಧ ತಂತ್ರಾಂಶ ಕೊಳ್ಳಿ. ನಿಮ್ಮದೇ ವಿಶೇಷ ನಿಯಮಗಳಿದ್ದು, ಮೊಬೈಲಿನಿಂದಲೂ ಶಾಖೆಗಳಿಂದಲೂ ಬಳಸಬೇಕು ಎಂದಾದರೆ ಪೈಥಾನ್ ಅಥವಾ ಸಿ ಷಾರ್ಪ್, ಹಿಂದೆ ಪೋಸ್ಟ್‌ಗ್ರೆಸ್, ಇದು ಸರಿಯಾದ ಜೋಡಿ. ಡಿಬಿಎಫ್‌ನಿಂದ ಡೇಟಾ ಎತ್ತುವುದು ಕಷ್ಟವಲ್ಲ. ಪೈಥಾನ್‌ನಲ್ಲಿ ಅದಕ್ಕೆ ಲೈಬ್ರರಿಗಳಿವೆ, ಪಿಜಿಲೋಡರ್ ನೇರವಾಗಿ ಪೋಸ್ಟ್‌ಗ್ರೆಸ್‌ಗೆ ಸುರಿಯುತ್ತದೆ, ಸುಮ್ಮನೆ ಕಣ್ಣಾಡಿಸಲು ಲಿಬ್ರೆ ಆಫೀಸ್ ಸಾಕು. ನಕ್ಷೆ ತಯಾರಿಸುವವರ ಶೇಪ್‌ಫೈಲ್‌ಗಳಲ್ಲಿ ಇಂದಿಗೂ ಡಿಬಿಎಫ್ ಇರುವುದರಿಂದ ಈ ಸಾಧನಗಳು ಸದ್ಯಕ್ಕೆ ಸಾಯುವುದಿಲ್ಲ.

ಕಷ್ಟ ಇರುವುದು ಹೊರಗೆ ಕಾಣದ ನಡವಳಿಕೆಗಳಲ್ಲಿ. ಫಾಕ್ಸ್‌ಪ್ರೋದಲ್ಲಿ ರೆಕಾರ್ಡ್ ಅಳಿಸಿದರೆ ಅದು ಹೋಗುವುದಿಲ್ಲ, ಅದರ ಮೊದಲ ಬೈಟಿನಲ್ಲಿ ಒಂದು ನಕ್ಷತ್ರ ಚಿಹ್ನೆ ಬೀಳುತ್ತದೆ ಅಷ್ಟೇ. ಅಳಿಸಿದ್ದನ್ನು ನಿಜವಾಗಿ ತೆಗೆಯುವ ಪ್ಯಾಕ್ ಆದೇಶ ಕೊಡುವವರೆಗೂ ಅದು ಫೈಲಿನಲ್ಲೇ ಇರುತ್ತದೆ. ಡೇಟಾ ಎತ್ತುವ ಪ್ರೋಗ್ರಾಂ ಆ ನಕ್ಷತ್ರವನ್ನು ನೋಡದಿದ್ದರೆ ಸದಸ್ಯತ್ವ ಬಿಟ್ಟವರು, ರದ್ದಾದ ರಸೀದಿಗಳು ಎಲ್ಲ ಹೊಸ ತಂತ್ರಾಂಶದಲ್ಲಿ ಎದ್ದು ಬರುತ್ತವೆ, ಅಡಾವೆ ಪತ್ರಿಕೆ ತಾಳೆಯಾಗುವುದಿಲ್ಲ. ಪಠ್ಯ ಹೋಲಿಸುವ ರೀತಿಯೂ ಬೇರೆ. ಎಕ್ಸಾಕ್ಟ್ ಎಂಬ ಸೆಟ್ಟಿಂಗ್ ಆಫ್ ಇದ್ದಾಗ 'ರಾಮಣ್ಣ' ಸಮ 'ರಾಮ' ಎಂದು ಕೇಳಿದರೆ ಫಾಕ್ಸ್‌ಪ್ರೋ ಹೌದು ಎನ್ನುತ್ತದೆ, ಬಲಗಡೆಯದು ಮುಗಿದಲ್ಲಿಗೆ ಹೋಲಿಕೆ ನಿಲ್ಲಿಸುತ್ತದೆ. ಹಳೆಯ ಕೋಡ್ ಇದನ್ನೇ ನಂಬಿ ಖಾತೆ ಸಂಖ್ಯೆಯ ಮೊದಲೆರಡು ಅಕ್ಷರದಿಂದ ಸಾಲದ ಬಗೆ ಗುರುತಿಸುತ್ತಿರಬಹುದು. ಹೊಸ ಭಾಷೆಯಲ್ಲಿ ಅದೇ ಸಾಲು ಸದ್ದಿಲ್ಲದೆ ಒಂದನ್ನೂ ಹಿಡಿಯುವುದಿಲ್ಲ. ಫಾಕ್ಸ್‌ಪ್ರೋದಲ್ಲಿ ಖಾಲಿ ತಾರೀಖು ಎಂಬುದಿದೆ, ಸರ್ವರ್‌ಗಳಲ್ಲಿ ಇಲ್ಲ. ಅದನ್ನು ನಲ್ (ಬೆಲೆಯೇ ಇಲ್ಲ ಎಂಬ ಗುರುತು) ಮಾಡದೆ ಕಳಿಸಿದರೆ 1899 ಅಥವಾ 1900ರ ತಾರೀಖಾಗಿ ಕೂತು, ಕಟ್ಟುವ ಗಡುವೇ ನಮೂದಾಗದ ಸಾಲಕ್ಕೆ ನೂರು ವರ್ಷದ ಬಡ್ಡಿ ಬೆಳೆಯುತ್ತದೆ. ದುಡ್ಡಿನ ಅಂಕಿಗೆ ಹೊಸ ಭಾಷೆಯ ಫ್ಲೋಟ್ (ಅಂದಾಜಿನ ಭಿನ್ನಾಂಕ) ಬಳಸಬಾರದು, ದಶಮಾಂಶದ ಬಗೆಯನ್ನೇ ಬಳಸಬೇಕು. ಇಲ್ಲವಾದರೆ ವರ್ಷದ ಕೊನೆಗೆ ಪೈಸೆಗಳು ಕೂಡುವುದಿಲ್ಲ, ಆಡಿಟರಿಗೆ ಪೈಸೆಯೂ ಲೆಕ್ಕವೇ.

ಬರೆಯುವವರನ್ನು ಆರಿಸುವಾಗ ಈ ನಾಲ್ಕು ವಿಷಯ ಅವರಾಗಿಯೇ ಕೇಳುತ್ತಾರೆಯೇ ಗಮನಿಸಿ. ಹಳೆಯ ಕೋಡ್ ತೆರೆದು ಓದದೆ, ಪರದೆಯ ಚಿತ್ರ ನೋಡಿ ದರ ಹೇಳುವವರಿಗೆ ಕೆಲಸ ಕೊಡಬೇಡಿ. ಹೊಸದು ಸಿದ್ಧವಾದ ಮೇಲೆ ಕಳೆದ ಒಂದು ಪೂರ್ತಿ ಹಣಕಾಸು ವರ್ಷದ ವಹಿವಾಟನ್ನು ಅದರಲ್ಲಿ ಓಡಿಸಿ, ಪ್ರತಿ ಖಾತೆಯ ಮಾರ್ಚ್ 31ರ ಶಿಲ್ಕು ಹಳೆಯದರೊಂದಿಗೆ ಪೈಸೆಗೆ ಪೈಸೆ ಕೂಡಿದೆಯೇ ನೋಡಿ. ಒಂದೇ ಒಂದು ಖಾತೆ ತಪ್ಪಿದರೂ ಕಾರಣ ಸಿಗುವವರೆಗೆ ಹಣ ಪೂರ್ತಿ ಪಾವತಿಸಬೇಡಿ.

ಯಾರಿಗೆ ಯಾವುದು

ಕ್ಲಿಪ್ಪರ್ ಸೋರ್ಸ್ ಇದೆ, ಡೇಟಾ ಇಂಗ್ಲಿಷಿನಲ್ಲಿದೆ, ಒಂದೇ ಕಚೇರಿ: ಹಾರ್ಬರ್, ಬೇರೆ ಯೋಚನೆ ಬೇಡ. ವಿಷುಯಲ್ ಫಾಕ್ಸ್‌ಪ್ರೋ 9 ಚೆನ್ನಾಗಿ ಓಡುತ್ತಿದೆ, ಬರೆದವರು ಇನ್ನೂ ಸಿಗುತ್ತಾರೆ: ಡೇಟಾವನ್ನು ಪೋಸ್ಟ್‌ಗ್ರೆಸ್‌ಗೆ ಸಾಗಿಸಿ, ಪರದೆಗಳು ಹಾಗೇ ಇರಲಿ. ಕನ್ನಡ ಡೇಟಾ ಹೆಚ್ಚಿದೆ, ಲೆಕ್ಕದ ಕೋಡ್ ದೊಡ್ಡದಿದೆ: ಎಕ್ಸ್‌ಷಾರ್ಪ್. ಶಾಖೆಗಳು ಹಲವು, ಸದಸ್ಯರು ಮೊಬೈಲಿನಲ್ಲಿ ಖಾತೆ ನೋಡಬೇಕು: ಹೊಸದಾಗಿ ಬರೆಸಿ, ಆದರೆ ಹಳೆಯ ಕೋಡ್ ಮುಂದಿಟ್ಟುಕೊಂಡೇ ಬರೆಸಿ. ಇಂದು ಶೂನ್ಯದಿಂದ ಶುರು ಮಾಡುತ್ತಿರುವವರು ಫಾಕ್ಸ್‌ಪ್ರೋ ಹಿಡಿಯಬೇಡಿ. ಆ ಭಾಷೆಯ ಮೇಲೆ ನನಗೆ ಎಷ್ಟೇ ಪ್ರೀತಿ ಇದ್ದರೂ, ಮೈಕ್ರೋಸಾಫ್ಟ್ ಅದನ್ನು ಮಾರುವುದನ್ನೇ ನಿಲ್ಲಿಸಿದೆ.

ಉಳಿದದ್ದು ಸೋರ್ಸ್ ಕೋಡೇ ಇಲ್ಲದವರ ಪಾಡು. ಬರೆದುಕೊಟ್ಟವರು ಊರು ಬಿಟ್ಟಿದ್ದಾರೆ, ಕೈಯಲ್ಲಿರುವುದು ಇಎಕ್ಸ್‌ಇ ಮಾತ್ರ. ಫಾಕ್ಸ್‌ಪ್ರೋ ಆದರೆ ಆಸೆ ಇಟ್ಟುಕೊಳ್ಳಬಹುದು. ಅದರ ಇಎಕ್ಸ್‌ಇ ಒಳಗೆ ಇರುವುದು ಮಧ್ಯಂತರ ರೂಪದ ಕೋಡ್, ರೀಫಾಕ್ಸ್ ಎಂಬ ಸಾಧನ ಅದನ್ನು ಬಿಚ್ಚಿ ಬಹುಮಟ್ಟಿಗೆ ಮೂಲದಂತೆಯೇ ಓದುವ ಹಾಗೆ ಕೊಡುತ್ತದೆ, ಬರೆದವರು ಬೀಗ ಹಾಕಿರದಿದ್ದರೆ. ಕ್ಲಿಪ್ಪರ್ 5ರ ಇಎಕ್ಸ್‌ಇಗೆ ವಾಲ್ಕಿರಿ ಎಂಬ ಸಾಧನ ಇತ್ತು, ಅದು ಈಗ ಸಿಗುವುದು ಅದೃಷ್ಟದ ಮಾತು. ತಂತ್ರಾಂಶ ನಿಮ್ಮದೇ ಎಂಬುದಕ್ಕೆ ಕಾಗದ ಇದ್ದರೆ ಮಾತ್ರ ಈ ಕೆಲಸಕ್ಕೆ ಕೈಹಾಕಿ. ಅದೂ ಆಗದಿದ್ದರೆ ವಿಡಾಸ್‌ನಲ್ಲಿ ಹಳೆಯದನ್ನು ಓಡಿಸುತ್ತಾ, ಬಡ್ಡಿ ಲೆಕ್ಕದ ಪ್ರತಿ ಬಗೆಗೂ ಒಂದೊಂದು ಖಾತೆ ಆರಿಸಿ, ಬೇರೆ ಬೇರೆ ತಾರೀಖಿಗೆ ಅದು ಕೊಡುವ ಉತ್ತರಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. 15ನೇ ದಿನ ಎಷ್ಟು, 16ನೇ ದಿನ ಎಷ್ಟು, ಫೆಬ್ರವರಿ 29ಕ್ಕೆ ಎಷ್ಟು. ಹೊಸದನ್ನು ಯಾರೇ ಬರೆಯಲಿ, ತಾಳೆ ನೋಡುವುದು ಆ ಪುಸ್ತಕದೊಂದಿಗೆ.